ಎಂಜಿನ್ ಫ್ಲಶ್: ಕರಗಿದ ಕೊಳೆ ಎಲ್ಲಿಗೆ ಹೋಗುತ್ತದೆ?

ಯಾರೋ ಹತ್ತು ವರ್ಷ ಓಡಿಸಿದ ಕಾರನ್ನು ಕೊಳ್ಳುವಾಗ ಬಣ್ಣ, ಸೀಟು, ಟೈರು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಎಂಜಿನ್ನಿನ ಒಳಗು ಮಾತ್ರ ಕಾಣುವುದಿಲ್ಲ. ಹಿಂದಿನ ಮಾಲೀಕರು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತಿದ್ದರೋ, ಕಡಿಮೆಯಾದಾಗ ಮೇಲಿಂದ ಒಂದಿಷ್ಟು ಸುರಿದು ದಿನ ದೂಡಿದರೋ ಹೇಳುವವರಿಲ್ಲ. ಆ ಅನುಮಾನ ಮನಸ್ಸನ್ನು ಕೊರೆಯುತ್ತಿರುವಾಗಲೇ ‘ಎಂಜಿನ್ ಫ್ಲಶ್’ ಎಂಬ ಡಬ್ಬಿ ಕಣ್ಣಿಗೆ ಬೀಳುತ್ತದೆ. 300ರಿಂದ 500 ಮಿಲಿಲೀಟರ್ ದ್ರವ. ಹಳೆಯ ಆಯಿಲಿಗೆ ಅದನ್ನು ಸುರಿದು, 10–15 ನಿಮಿಷ ಐಡಲ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಎಕ್ಸಲರೇಟರ್ ಒತ್ತದೆ, ಎಂಜಿನ್ ಓಡಿಸಿ, ಎಲ್ಲವನ್ನೂ ಇಳಿಸಿ ಹೊಸ ಆಯಿಲ್ ತುಂಬಿದರೆ ವರ್ಷಗಳ ಕೊಳೆ ತೊಳೆದುಹೋಗುತ್ತದೆ ಎಂಬುದು ಅದರ ಭರವಸೆ.

ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಜಿಡ್ಡನ್ನು ಸಡಿಲಿಸುವ ಶಕ್ತಿ ಅದಕ್ಕೆ ಖಂಡಿತ ಇದೆ. ನನ್ನ ತಕರಾರು ನಾವು ಕೇಳುವ ಪ್ರಶ್ನೆಯ ಬಗ್ಗೆ. ಕೊಳೆ ಕರಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅರ್ಧ ಕರಗಿ, ಅರ್ಧ ಕಳಚಿಕೊಂಡ ಕೊಳೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಹಳೆಯ ಎಂಜಿನ್ನಿನ ಅಳಿವು ಉಳಿವು ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಮೊದಲು ಆಯಿಲನ್ನೇ ನೋಡೋಣ. ಎಂಜಿನ್ ಆಯಿಲ್ ಬರಿಯ ಜಾರುವ ಎಣ್ಣೆಯಲ್ಲ. ಅದರ ಹೆಚ್ಚಿನ ಪಾಲು ಮೂಲ ಎಣ್ಣೆ. ಉಳಿದದ್ದು ಒಂದೊಂದು ಕೆಲಸಕ್ಕೆಂದು ಬೆರೆಸಿದ ರಾಸಾಯನಿಕಗಳು. ಅವುಗಳಲ್ಲಿ ಎರಡು ಶುಚಿಗೊಳಿಸುವ ಕೆಲಸದವು. ಒಂದು ಡಿಟರ್ಜೆಂಟ್. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಇರುವ ಈ ವಸ್ತು ಇಂಧನ ಉರಿದಾಗ ಹುಟ್ಟುವ ಆಮ್ಲಗಳನ್ನು ತಟಸ್ಥಗೊಳಿಸುತ್ತದೆ, ಬಿಸಿ ಲೋಹದ ಮೇಲೆ ಕೊಳೆ ಅಂಟದಂತೆ ತಡೆಯುತ್ತದೆ. ಇನ್ನೊಂದು ಡಿಸ್ಪರ್ಸೆಂಟ್. ಇದು ಮಸಿಯ ಕಣಗಳನ್ನು ಒಂದೊಂದಾಗಿ ಸುತ್ತುವರಿದು, ಅವು ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟದಂತೆ ಆಯಿಲಿನಲ್ಲೇ ತೇಲಿಸಿ ಇಡುತ್ತದೆ. ಆಯಿಲ್ ಕಪ್ಪಾಗುವುದಕ್ಕೆ ದೊಡ್ಡ ಕಾರಣ ಇದೇ. ಡೀಸೆಲ್ ಎಂಜಿನ್ನಿಗೆ ಹಾಕಿದ ಹೊಸ ಆಯಿಲ್ ಕೆಲವೇ ಗಂಟೆಗಳ ಓಟದಲ್ಲಿ ಕಪ್ಪಾಗುವುದನ್ನು ಕಂಡು ಗಾಬರಿಯಾಗುವವರಿದ್ದಾರೆ, ಗಾಬರಿ ಬೇಕಿಲ್ಲ. ಮಸಿ ಲೋಹದ ಮೇಲೆ ಕೂರದೆ ಆಯಿಲಿನಲ್ಲಿದೆ, ಆಯಿಲ್ ಬದಲಿಸಿದಾಗ ಅದರ ಜತೆಗೇ ಹೊರಗೆ ಹೋಗುತ್ತದೆ ಎಂದು ಆ ಬಣ್ಣ ಹೇಳುತ್ತಿರುತ್ತದೆ.

ತೊಂದರೆ ಶುರುವಾಗುವುದು ಈ ರಾಸಾಯನಿಕಗಳು ಸವೆದುಹೋದ ಮೇಲೂ ಅದೇ ಆಯಿಲಿನಲ್ಲಿ ಓಡಿಸಿದಾಗ. ಹೊರಲು ಆಗದಷ್ಟಾದ ಮಸಿಯನ್ನು ಆಯಿಲ್ ಅಲ್ಲಲ್ಲಿ ಇಳಿಸತೊಡಗುತ್ತದೆ. ಚಿಕ್ಕ ಚಿಕ್ಕ ಓಡಾಟ ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಉರಿಯುವಿಕೆಯಿಂದ ಹುಟ್ಟಿದ ನೀರಿನ ಹಬೆ ಒಳಗೇ ತಣಿದು ಹನಿಯಾಗುತ್ತದೆ, ಉರಿಯದ ಪೆಟ್ರೋಲ್ ಪಿಸ್ಟನ್ ದಾಟಿ ಕೆಳಗಿಳಿಯುತ್ತದೆ. ನೀರು, ಪೆಟ್ರೋಲ್, ಆಮ್ಲ, ಮಸಿ, ಆಮ್ಲಜನಕದಿಂದ ಕೆಟ್ಟ ಆಯಿಲ್ ಎಲ್ಲ ಸೇರಿ ಕುದುರಿದ ವಸ್ತುವೇ ಸ್ಲಡ್ಜ್, ಅಂದರೆ ಗಸಿ. ಓಡಿದ್ದು ಕಡಿಮೆ ಎಂಬ ಕಾರಣಕ್ಕೆ ಹಳೆಯ ಕಾರೊಂದರ ಎಂಜಿನ್ ಶುಚಿಯಾಗಿರಲೇಬೇಕು ಎಂದು ನಂಬುವಂತಿಲ್ಲ.

ಎಲ್ಲ ಕೊಳೆಯೂ ಗಸಿಯಲ್ಲ ಎಂಬುದನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ಗಸಿ ಎಂಜಿನ್ನಿನ ತಣ್ಣನೆಯ ಮೂಲೆಗಳಲ್ಲಿ ಕೂರುತ್ತದೆ: ಮೇಲೆ, ಎಂಜಿನ್ನಿನ ನೆತ್ತಿಯನ್ನು ಮುಚ್ಚುವ ಟ್ಯಾಪೆಟ್ ಕವರಿನ ಒಳಗೆ; ಕೆಳಗೆ, ಆಯಿಲ್ ಬಂದು ಸೇರುವ ಆಯಿಲ್ ಪ್ಯಾನಿನ ತಳದಲ್ಲಿ. ಮೊದಮೊದಲು ಗ್ರೀಸಿನಂತೆ ಮೆತ್ತಗಿರುತ್ತದೆ, ವರ್ಷ ಕಳೆದಂತೆ ಒಣಗಿ ಹಕ್ಕಳೆ ಕಟ್ಟುತ್ತದೆ. ಎರಡನೆಯದು ವಾರ್ನಿಷ್. ಬಿಸಿ ಲೋಹದ ಮೇಲೆ ತೆಳುವಾಗಿ ಹರಡಿ ಮೆರುಗೆಣ್ಣೆ ಬಳಿದಂತೆ ಕಂದು ಬಣ್ಣದಲ್ಲಿ ಕಾಣುತ್ತದೆ; ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ. ತೆಳುವಾದ ವಾರ್ನಿಷ್ ಬಹುತೇಕ ಕಡೆಗಳಲ್ಲಿ ಯಾರಿಗೂ ಕೇಡು ಮಾಡುವುದಿಲ್ಲ, ಅದನ್ನು ಕಂಡು ಡಬ್ಬಿ ತರಲು ಓಡಬೇಕಿಲ್ಲ. ಮೂರನೆಯದು ಕಾರ್ಬನ್. ಪಿಸ್ಟನ್ ರಿಂಗುಗಳು ಕೂರುವ ತೋಡುಗಳಲ್ಲಿ, ಅತಿ ಬಿಸಿಯಲ್ಲಿ ಆಯಿಲ್ ಸುಟ್ಟು ಕರಿಕಟ್ಟಿದ ಗಟ್ಟಿ ಪದರ. ಗಸಿಯನ್ನು ಸಡಿಲಿಸುವ ದ್ರಾವಕ ಇದರ ಮುಂದೆ 10 ನಿಮಿಷದಲ್ಲಿ ಹೆಚ್ಚೇನೂ ಮಾಡಲಾರದು.

ಒಳ್ಳೆಯ ಹೆಸರಿನ ಎಂಜಿನ್‌ಗಳಿಗೂ ಗಸಿಯ ಕಾಟ ತಪ್ಪಿದ್ದಲ್ಲ. ಟೊಯೊಟಾದ 1997ರಿಂದ 2002ರವರೆಗಿನ ಹಲವು ಮಾದರಿಗಳ 3 ಲೀಟರ್ ವಿ6 ಮತ್ತು 2.2 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಗಸಿಯ ದೂರುಗಳು ಎದ್ದು, ಅಮೆರಿಕದಲ್ಲಿ ಸುಮಾರು 33 ಲಕ್ಷ ವಾಹನಗಳಿಗೆ ಕಂಪನಿ 2002ರಲ್ಲಿ ಮೊದಲ ಮಾರಾಟದ ದಿನದಿಂದ 8 ವರ್ಷಗಳ ರಕ್ಷಣೆ ಕೊಡಬೇಕಾಯಿತು. ಅದೇ ಕಾಲದ ಫೋಕ್ಸ್‌ವ್ಯಾಗನ್ ಪಸಾಟ್ ಮತ್ತು ಆಡಿ ಎ4 ಕಾರುಗಳ 1.8 ಲೀಟರ್ ಟರ್ಬೊ ಎಂಜಿನ್ನೂ ಇದೇ ದೂರಿಗೆ ಗುರಿಯಾಯಿತು. ಹಾಗಾಗಿ ಹಳೆಯ ಕಾರು ಕೊಂಡವರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಡಬ್ಬಿಯೊಳಗಿನ ದ್ರವ. ಬೇಗ ಕೆಲಸ ಮಾಡುವ ಫ್ಲಶ್‌ಗಳಲ್ಲಿ ಬಹುಪಾಲು ಸೀಮೆಎಣ್ಣೆಯ ಕುಲಕ್ಕೆ ಸೇರಿದ ಪೆಟ್ರೋಲಿಯಂ ದ್ರಾವಕ; ಅದರ ಜತೆಗೆ ಒಂದಿಷ್ಟು ಡಿಟರ್ಜೆಂಟ್, ಒಂದಿಷ್ಟು ಡಿಸ್ಪರ್ಸೆಂಟ್. ದ್ರಾವಕ ಗಸಿಯ ಹಿಡಿತವನ್ನು ಸಡಿಲಿಸುತ್ತದೆ, ಉಳಿದೆರಡು ಅದನ್ನು ಆಯಿಲಿನಲ್ಲಿ ತೇಲಿಸಲು ನೋಡುತ್ತವೆ. ಆದರೆ ಅದೇ ದ್ರಾವಕ ಆಯಿಲನ್ನೂ ತೆಳುವಾಗಿಸುತ್ತದೆ. ಆದ್ದರಿಂದಲೇ ಡಬ್ಬಿಯ ಮೇಲೆ ಎರಡು ಎಚ್ಚರಿಕೆ ಇರುತ್ತದೆ: ಕಾರನ್ನು ಓಡಿಸಬೇಡಿ, ಎಕ್ಸಲರೇಟರ್ ಒತ್ತಿ ಎಂಜಿನ್ ರೇಸ್ ಮಾಡಬೇಡಿ. ತೆಳುವಾದ ಆಯಿಲಿನ ಪದರ ಐಡಲ್‌ನ ಹಗುರ ಹೊರೆಯನ್ನು ತಡೆದುಕೊಳ್ಳುತ್ತದೆ, ರಸ್ತೆಯ ಹೊರೆಯನ್ನಲ್ಲ. ಇನ್ನೊಂದು ಬಗೆಯ ಡಬ್ಬಿಗಳೂ ಇವೆ. ಅವುಗಳಲ್ಲಿ ದ್ರಾವಕ ಕಡಿಮೆ, ಡಿಟರ್ಜೆಂಟ್ ಹೆಚ್ಚು. ಆಯಿಲ್ ಬದಲಿಸುವ ಮೊದಲು ಅವನ್ನು ಹಾಕಿ ಕೆಲವು ನೂರು ಕಿಲೋಮೀಟರ್ ಮಾಮೂಲಿನಂತೆ ಓಡಿಸಬಹುದು. ಎರಡನ್ನೂ ಜನ ಫ್ಲಶ್ ಎಂದೇ ಕರೆಯುತ್ತಾರೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ರಸ್ತೆಗಿಳಿದರೆ ಒಳಗೆ ತಿರುಗುವ ದಂಡಗಳನ್ನು ಹೊತ್ತ ಬೇರಿಂಗುಗಳಿಗೆ ಕುತ್ತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಳಚಿಕೊಂಡ ಗಸಿ ಎಲ್ಲಿಗೆ ಹೋಗುತ್ತದೆ?

ಆಯಿಲ್ ಪ್ಯಾನಿನ ಬೋಲ್ಟುಗಳನ್ನು ಬಿಚ್ಚಿ ಕೆಳಗಿಳಿಸಿ, ಕಾರಿನ ಅಡಿಯಿಂದ ಮೇಲೆ ನೋಡಿ. ಒಂದು ಬಾಗಿದ ಕೊಳವೆ ಕೆಳಮುಖವಾಗಿ ಇಳಿದಿರುತ್ತದೆ, ಅದರ ಬಾಯಿಗೆ ಅಂಗೈಯಗಲದ್ದೋ ಅದಕ್ಕಿಂತ ಚಿಕ್ಕದೋ ಒಂದು ತಂತಿ ಜಾಲರಿ. ಇದೇ ಸ್ಟ್ರೇನರ್. ಎಂಜಿನ್ನಿಗೆ ಬೇಕಾದ ಆಯಿಲಿನ ಪ್ರತಿ ಹನಿಯೂ ಈ ಜಾಲರಿಯ ಮೂಲಕವೇ ಮೇಲೆ ಹೋಗಬೇಕು. ಶುಚಿಯಾದ ಎಂಜಿನ್ನಿನಲ್ಲಿ ತಂತಿಗಳು ಹೊಳೆಯುತ್ತವೆ, ಕಣ್ಣು ಕಣ್ಣೂ ಎಣಿಸಬಹುದು. ಗಸಿ ತುಂಬಿದ ಎಂಜಿನ್ನಿನಲ್ಲಿ ಅರ್ಧ ಜಾಲರಿಯ ಮೇಲೆ ಕಪ್ಪು ಹೆಪ್ಪು ಕೂತಿರುತ್ತದೆ. ಬೆರಳಿನಿಂದ ಒತ್ತಿದರೆ ಚೂರು ಚೂರಾಗಿ ಉದುರುತ್ತದೆ, ಉದುರಿದ ಚೂರು ಬೆರಳುಗಳ ನಡುವೆ ಉಜ್ಜಿದರೆ ಮರಳಿನಂತೆ ತರಿತರಿ.

ಆಯಿಲ್ ಸಾಗುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಬರೆದುಕೊಳ್ಳಿ. ಪ್ಯಾನಿನಿಂದ ಸ್ಟ್ರೇನರ್, ಅಲ್ಲಿಂದ ಪಂಪ್, ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಬೇರಿಂಗುಗಳು, ಕೊನೆಗೆ ವಾಲ್ವುಗಳಿರುವ ಮೇಲಿನ ಹೆಡ್. ಫಿಲ್ಟರ್ ಇರುವುದು ಪಂಪಿನ ನಂತರ. ‘ಕಳಚಿದ ಕೊಳೆಯನ್ನು ಫಿಲ್ಟರ್ ಹಿಡಿಯುತ್ತದಲ್ಲ’ ಎಂಬ ಸಮಾಧಾನ ಇಲ್ಲಿ ಕುಸಿದುಬೀಳುತ್ತದೆ. ಟ್ಯಾಪೆಟ್ ಕವರಿನಿಂದ ಕಳಚಿದ ಹಕ್ಕಳೆ ಮೊದಲು ಇಳಿಯುವುದು ಪ್ಯಾನಿಗೆ, ಮೊದಲು ಎದುರಿಸುವುದು ಸ್ಟ್ರೇನರನ್ನು. ಪೂರ್ತಿ ಕರಗಿದ ಕೊಳೆ ಜಾಲರಿ ದಾಟಿ ಹೋಗುತ್ತದೆ, ತೊಂದರೆಯಿಲ್ಲ. ಆದರೆ 10 ನಿಮಿಷದಲ್ಲಿ ದಪ್ಪನೆಯ ಹಕ್ಕಳೆ ಪೂರ್ತಿ ಕರಗುವುದಿಲ್ಲ, ಬುಡ ಸಡಿಲವಾಗಿ ಬೀಳುತ್ತದೆ. ಅದು ಜಾಲರಿಯನ್ನು ಮುಚ್ಚಿದರೆ ಪಂಪಿಗೆ ಆಯಿಲ್ ಸಾಲದು, ಒತ್ತಡ ಇಳಿಯುತ್ತದೆ. ಬೇರಿಂಗು ಮತ್ತು ಕ್ರ್ಯಾಂಕಿನ ನಡುವಿನ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಆ ಸಂದಿನಲ್ಲಿ ಆಯಿಲ್ ಇಲ್ಲದೆ ಲೋಹಕ್ಕೆ ಲೋಹ ತಾಗಿದರೆ ಹಾನಿಗೆ ಹೆಚ್ಚು ಹೊತ್ತು ಬೇಡ. ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಟರ್ಬೊ ಇರುವ ಎಂಜಿನ್ನಿನಲ್ಲಿ ಅಪಾಯ ಇನ್ನೂ ಹೆಚ್ಚು. ನಿಮಿಷಕ್ಕೆ 1 ಲಕ್ಷಕ್ಕೂ ಮೀರಿ ಸುತ್ತುವ ಅದರ ದಂಡಕ್ಕೆ ಆಯಿಲ್ ತಲುಪುವುದು ಕಿರಿದಾದ ಕೊಳವೆಯಿಂದ.

ಫಿಲ್ಟರ್ ತಲುಪಿದ ಕೊಳೆಯ ಕತೆಯೂ ಪೂರ್ತಿ ನಿರಾಳವಲ್ಲ. ಬಹುತೇಕ ಎಂಜಿನ್‌ಗಳಲ್ಲಿ ಫಿಲ್ಟರಿಗೆ ಬೈಪಾಸ್ ವಾಲ್ವ್ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಬೇರಿಂಗುಗಳು ಆಯಿಲಿಲ್ಲದೆ ಸಾಯದಿರಲಿ ಎಂದು ಅದು ತೆರೆದುಕೊಂಡು, ಸೋಸದ ಆಯಿಲನ್ನೇ ಮುಂದೆ ಬಿಡುತ್ತದೆ. ಕೊಳೆಯಾದ ಆಯಿಲಾದರೂ ಇಲ್ಲದ್ದಕ್ಕಿಂತ ಮೇಲು ಎಂಬ ಲೆಕ್ಕಾಚಾರ. ಆದರೆ ಫ್ಲಶ್ ಕಳಚಿದ ಮರಳಿನಂಥ ಕಣಗಳು ಆ ದಾರಿಯಲ್ಲೇ ವಾಲ್ವುಗಳು ತೆರೆಯುವ ಹೊತ್ತನ್ನು ಹೊಂದಿಸುವ ವೇರಿಯಬಲ್ ವಾಲ್ವ್ ಟೈಮಿಂಗ್ ಸೊಲೆನಾಯ್ಡ್‌ನ ಸಣ್ಣ ಜಾಲರಿಯವರೆಗೂ ಹೋಗಬಹುದು.

‘ಫ್ಲಶ್ ಹಾಕಿ ಇಳಿಸಿದಾಗ ಎಷ್ಟು ಕಪ್ಪಗೆ ಬಂತು ನೋಡಿ’ ಎಂಬ ಮಾತನ್ನು ಹಳೆಯ ಕಾರಿನ ಮಾಲೀಕರು ಕೇಳಿಯೇ ಇರುತ್ತಾರೆ. ಇದು ಸಾಕ್ಷಿಯಾಗದು. ಡಬ್ಬಿ ಹಾಕುವ ಮೊದಲೂ ಆ ಆಯಿಲ್ ಕಪ್ಪಗೇ ಇತ್ತು. ಡಬ್ಬಿ ಹಾಕದೆ ಇಳಿಸಿದ್ದರೂ ಕಪ್ಪಗೇ ಬರುತ್ತಿತ್ತು. ತೆಳುವಾದದ್ದರಿಂದ ಸರ್ರನೆ ಇಳಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಎಂಜಿನ್ ಎಷ್ಟು ಶುಚಿಯಾಯಿತು ಎಂದು ತಿಳಿಯಬೇಕಾದರೆ ಒಳಗೆ ನೋಡಬೇಕು, ಇಲ್ಲವೇ ಫಿಲ್ಟರನ್ನು ಕೊಯ್ದು ನೋಡಬೇಕು.

ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲುಗಳನ್ನು ಫ್ಲಶ್ ಹಾಳುಮಾಡುತ್ತದೆ ಎಂದು ಕೆಲವರು, ಏನೂ ಮಾಡುವುದಿಲ್ಲ ಎಂದು ಕೆಲವರು ಹೇಳುತ್ತಾರೆ; ಎರಡೂ ಕಡೆಯ ಮಾತು ಸ್ವಲ್ಪ ಅತಿಯಾಗಿದೆ ಎಂದು ನನಗನ್ನಿಸುತ್ತದೆ. ಫ್ಲಶ್ ರಬ್ಬರನ್ನು ತಿಂದುಹಾಕುತ್ತದೆ ಎನ್ನುವುದು ಉತ್ಪ್ರೇಕ್ಷೆ. ಗಟ್ಟಿಮುಟ್ಟಾದ ಸೀಲನ್ನು 10 ನಿಮಿಷದ ದ್ರಾವಕ ಹಾಳುಮಾಡುವುದಿಲ್ಲ. ಆದರೆ ಎಷ್ಟೋ ಹಳೆಯ ಎಂಜಿನ್‌ಗಳಲ್ಲಿ ಸೀಲು ಬಿಸಿಗೆ ಗಡುಸಾಗಿ, ಕುಗ್ಗಿ, ಅದರ ಸಂದನ್ನು ಗಸಿಯೇ ಮುಚ್ಚಿಕೊಂಡಿರುತ್ತದೆ. ಗಸಿ ಹೋದ ಮರುದಿನ ಕಾರು ನಿಂತ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿರುತ್ತದೆ. ಸೋರಿಕೆಯನ್ನು ಫ್ಲಶ್ ಹುಟ್ಟಿಸಲಿಲ್ಲ, ಮುಚ್ಚಿದ್ದನ್ನು ಬಯಲಿಗೆ ತಂದಿತು. ಮಾಲೀಕರಿಗೆ ಮಾತ್ರ ಎರಡರ ಪರಿಣಾಮವೂ ಒಂದೇ, ಸೀಲು ಬದಲಿಸಲೇಬೇಕು.

ಒಂದು ಬಗೆಯ ಎಂಜಿನ್ನಿನ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವುಗಳ ಚಲನೆಯನ್ನು ಪಿಸ್ಟನ್ನುಗಳಿಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ತೊಯ್ದು ಓಡುತ್ತದೆ. ಫೋರ್ಡ್‌ನ 1 ಲೀಟರ್ ಇಕೋಬೂಸ್ಟ್, ಪ್ಯೂಜೊ–ಸಿಟ್ರೊಯೆನ್ ಬಳಗದ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್‌ಗಳ ಹಲವು ಆವೃತ್ತಿಗಳು ಇಂಥವು. ಆಯಿಲಿಗೆ ಸೇರಿದ ಪೆಟ್ರೋಲಿನಿಂದಲೇ ಈ ಬೆಲ್ಟು ಉಬ್ಬಿ, ಚೂರು ಉದುರಿ, ಆ ಚೂರುಗಳು ಸ್ಟ್ರೇನರನ್ನು ಮುಚ್ಚಿದ ಉದಾಹರಣೆಗಳಿವೆ. ಅಂಥ ಬೆಲ್ಟಿಗೆ ತಿಳಿದೂ ತಿಳಿದೂ ದ್ರಾವಕದ ಸ್ನಾನ ಮಾಡಿಸುವುದು ಯಾವ ಲೆಕ್ಕಕ್ಕೂ ಸರಿಯಲ್ಲ. ಕೊಂಡ ಕಾರಿನ ಎಂಜಿನ್ ಯಾವುದು, ಅದರಲ್ಲಿರುವುದು ಚೈನೋ, ಒಣ ಬೆಲ್ಟೋ, ಒದ್ದೆ ಬೆಲ್ಟೋ ಎಂದು ಮೊದಲೇ ತಿಳಿದುಕೊಳ್ಳಬೇಕು.

ಹಾಗಾದರೆ ಫ್ಲಶ್‌ನಿಂದ ನಿಜವಾದ ಲಾಭ ಯಾರಿಗೂ ಇಲ್ಲವೇ? ಇದೆ. ವಾಲ್ವಿನ ಸಂದನ್ನು ಆಯಿಲಿನ ಒತ್ತಡದಿಂದ ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ಬೆಳಗ್ಗೆ ಕಾರು ಚಾಲೂ ಮಾಡಿದಾಗ ಟಿಕ್ ಟಿಕ್ ಎಂಬ ಸದ್ದು ಬಂದು, ಸ್ವಲ್ಪ ಹೊತ್ತಿನಲ್ಲಿ ಅಡಗುವುದುಂಟು. ಟ್ಯಾಪೆಟ್ಟಿನ ಒಳಗಿನ ಚಿಕ್ಕ ರಂಧ್ರದಲ್ಲಿ ಜಿಡ್ಡು ಸೇರಿ ಆಯಿಲ್ ನಿಧಾನವಾಗಿ ತುಂಬುತ್ತಿರುವುದು ಕಾರಣವಾಗಿದ್ದರೆ ಸೌಮ್ಯವಾದ ಫ್ಲಶ್ ಆ ಸದ್ದನ್ನು ಕಳೆಯಬಹುದು. ಆಯಿಲ್ ರಿಂಗಿನ ವಿಷಯವೂ ಹೀಗೆಯೇ. ಸಿಲಿಂಡರ್ ಗೋಡೆಯಿಂದ ಆಯಿಲನ್ನು ಕೆರೆದು ತೆಗೆಯುವ ಈ ರಿಂಗಿನ ಹಿಂದೆ ಪಿಸ್ಟನ್ನಿನಲ್ಲಿ ಚಿಕ್ಕ ರಂಧ್ರಗಳಿರುತ್ತವೆ. ಕೆರೆದ ಆಯಿಲ್ ಅವುಗಳ ಮೂಲಕ ಕೆಳಗಿಳಿಯಬೇಕು. ರಂಧ್ರ ಕಟ್ಟಿಕೊಂಡರೆ ಆಯಿಲ್ ಮೇಲೇ ಉಳಿದು ಉರಿಯುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ವಾರವಾರಕ್ಕೂ ಇಳಿಯುತ್ತದೆ. ಇಲ್ಲಿ ಬೇಗದ ಫ್ಲಶ್‌ಗಿಂತ ನಿಧಾನದ ಬಗೆಯೇ ವಾಸಿ, ಏಕೆಂದರೆ ಕಾರ್ಬನ್ ಮೆತ್ತಗಾಗಲು ಬಿಸಿಯೂ ಬೇಕು, ಹೊತ್ತೂ ಬೇಕು. ಆದರೂ ಮಿತಿ ಇದೆ. ಟೊಯೊಟಾದ 2.4 ಲೀಟರ್ 2ಎಝಡ್-ಎಫ್‌ಇ ಎಂಜಿನ್ನು ಆಯಿಲ್ ಕುಡಿಯುವ ದೂರಿಗೆ ಹೆಸರಾದಾಗ ಕಂಪನಿ ಕೊಟ್ಟ ಪರಿಹಾರ ಡಬ್ಬಿಯಲ್ಲ. ಪಿಸ್ಟನ್ನು, ರಿಂಗುಗಳನ್ನೇ ಬದಲಿಸುವುದಾಗಿತ್ತು. ವಿನ್ಯಾಸದಲ್ಲಿನ ಕೊರತೆಯನ್ನಾಗಲಿ, ಸವೆದ ಲೋಹವನ್ನಾಗಲಿ ಯಾವ ದ್ರವವೂ ತುಂಬಿಕೊಡುವುದಿಲ್ಲ.

ಆದ್ದರಿಂದ ಸುರಿಯುವ ಮೊದಲು ನೋಡಬೇಕು. ನೋಡುವುದಕ್ಕೆ ದೊಡ್ಡ ಸಲಕರಣೆ ಬೇಡ. ಆಯಿಲ್ ತುಂಬುವ ಮುಚ್ಚಳ ತೆರೆದು ಟಾರ್ಚ್ ಬಿಡಿ. ಒಳಗೆ ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಕಾಣುತ್ತಿದ್ದರೆ ಅದರ ಸುತ್ತಲಿನ ಅಲ್ಯುಮಿನಿಯಂ ಯಾವ ಬಣ್ಣದಲ್ಲಿದೆ ಎಂದು ನೋಡಿ. ಬೆಳ್ಳಿಯ ಬಣ್ಣವೋ ಜೇನಿನ ಬಣ್ಣವೋ ಇದ್ದರೆ ಆ ಎಂಜಿನ್ನಿಗೆ ಫ್ಲಶ್‌ನ ಅಗತ್ಯವೇ ಇಲ್ಲ. ಕಂದು ಕಪ್ಪಾದ, ಬೆರಳಿಗೆ ಅಂಟುವ ತೆಳು ಜಿಡ್ಡಿದ್ದರೆ ಶುಚಿಗೊಳಿಸಬಹುದಾದ ಹಂತ. ಮೂಲೆಗಳಲ್ಲಿ ದಪ್ಪ ಹೆಪ್ಪು, ಉಗುರಿನಿಂದ ಕೆರೆದರೆ ಏಳುವ ಹಕ್ಕಳೆ ಕಂಡರೆ ಡಬ್ಬಿಯನ್ನು ಮುಟ್ಟಲೇಬಾರದು. ಮುಚ್ಚಳದ ಒಳಭಾಗದಲ್ಲಿ ಹಾಲಿನ ಕೆನೆಯಂತಹ ಪದರವಿದ್ದರೆ ಅದು ನೀರಿನ ಗುರುತು: ಚಿಕ್ಕ ಓಡಾಟಗಳಲ್ಲಿ ಸೇರಿದ ಹಬೆಯಿರಬಹುದು, ಹೆಡ್ಡಿನ ಕೆಳಗಿನ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಸೋರುತ್ತಿರಲೂಬಹುದು. ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಗ್ಯಾಸ್ಕೆಟ್ಟಿನ ಅನುಮಾನವನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಮುಚ್ಚಳದ ಕೆಳಗೆ ತಗಡು ಅಡ್ಡವಿದ್ದು ಏನೂ ಕಾಣುವುದಿಲ್ಲ. ಅಂಥಲ್ಲಿ ಆಯಿಲ್ ಇಳಿಸಿದ ಮೇಲೆ ಡ್ರೇನ್ ರಂಧ್ರದಿಂದ ಎಂಡೋಸ್ಕೋಪ್ ಕ್ಯಾಮೆರಾ ತೂರಿಸಿ ಪ್ಯಾನಿನ ತಳ ನೋಡಬಹುದು, ಇಲ್ಲವೇ ಟ್ಯಾಪೆಟ್ ಕವರ್ ಬಿಚ್ಚಿಸಬಹುದು.

ನಡುವಿನ ಹಂತದ ಎಂಜಿನ್ನಿಗೆ ಫ್ಲಶ್ ಹಾಕುವುದೇ ಆದರೆ ಕ್ರಮ ತಪ್ಪಬಾರದು. ಮೊದಲು ಕಾರನ್ನು ಓಡಿಸಿ ಎಂಜಿನ್ ಪೂರ್ತಿ ಬಿಸಿಯಾಗಲಿ. ಡಬ್ಬಿಯ ಮೇಲೆ ಬರೆದ ಅಳತೆ ಮೀರದಂತೆ ಸುರಿದು, ಬರೆದಷ್ಟೇ ನಿಮಿಷ ಐಡಲ್‌ನಲ್ಲಿ ಬಿಡಿ. ಇನ್ನೈದು ನಿಮಿಷ ಹೆಚ್ಚು ಬಿಟ್ಟರೆ ಇನ್ನಷ್ಟು ಶುಚಿಯಾದೀತು ಎಂಬ ಆಸೆ ಬೇಡ. ಆ ಹೊತ್ತಿನಲ್ಲಿ ಪಕ್ಕದಲ್ಲೇ ಇರಬೇಕು. ಆಯಿಲ್ ದೀಪ ಹೊತ್ತಿಕೊಂಡರೆ, ಸದ್ದು ಬದಲಾದರೆ ತಕ್ಷಣ ಆರಿಸಬೇಕು. ಆಮೇಲೆ ಬಿಸಿ ಇರುವಾಗಲೇ ಇಳಿಸಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು, ಫಿಲ್ಟರನ್ನು ತಪ್ಪದೆ ಬದಲಿಸಬೇಕು. ಎಷ್ಟು ಇಳಿಸಿದರೂ ಆಯಿಲ್ ಹರಿಯುವ ಒಳದಾರಿಗಳಾದ ಗ್ಯಾಲರಿಗಳಲ್ಲಿ, ಹೆಡ್ಡಿನ ಹಳ್ಳಗಳಲ್ಲಿ ಒಂದಿಷ್ಟು ಹಳೆಯ ಆಯಿಲ್ ದ್ರಾವಕದ ಸಮೇತ ಉಳಿಯುತ್ತದೆ. ಹಾಗಾಗಿ ಆ ಹೊಸ ಆಯಿಲನ್ನು ಪೂರ್ತಿ ಅವಧಿಗೆ ಓಡಿಸದೆ ಬೇಗ ಬದಲಿಸುವುದು ಜಾಣತನ.

ದಪ್ಪ ಗಸಿ ಕೂತ ಎಂಜಿನ್ನಿಗೆ ಮದ್ದು ಕೈಕೆಲಸವೇ. ಪ್ಯಾನ್ ಇಳಿಸಿ, ಸ್ಟ್ರೇನರ್ ಕಳಚಿ ತೊಳೆದು, ಟ್ಯಾಪೆಟ್ ಕವರ್ ಬಿಚ್ಚಿ, ಹೆಪ್ಪನ್ನು ಕೈಯಿಂದ ಎತ್ತಿ ತೆಗೆಯುವುದು. ಡಬ್ಬಿಗಿಂತ ಖರ್ಚು ಹೆಚ್ಚು, ನಿಜ. ಆದರೆ ಕೊಳೆ ಹೊರಗೆ ಬಂದದ್ದು ಕಣ್ಣಿಗೇ ಕಾಣುತ್ತದೆ, ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವ ಮಾತಿಲ್ಲ.

ಇವೆರಡಕ್ಕಿಂತ ನಾನು ಮೆಚ್ಚುವ ದಾರಿ ಇನ್ನೊಂದಿದೆ, ಅದು ನಿಧಾನದ್ದು. ಕಂಪನಿ ಹೇಳಿದ ದರ್ಜೆಯ ಒಳ್ಳೆಯ ಆಯಿಲ್ ಹಾಕಿ, 1500–2000 ಕಿಲೋಮೀಟರಿಗೇ ಆಯಿಲನ್ನೂ ಫಿಲ್ಟರನ್ನೂ ಬದಲಿಸುವುದು. ಹೀಗೆ ಎರಡು ಮೂರು ಸಲ. ಆಯಿಲಿನೊಳಗಿನ ಡಿಟರ್ಜೆಂಟ್ ಮತ್ತು ಡಿಸ್ಪರ್ಸೆಂಟ್ ಇರುವುದೇ ಈ ಕೆಲಸಕ್ಕೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2020ರಲ್ಲಿ ತಂದ ಎಸ್‌ಪಿ ದರ್ಜೆಯಂಥ ಆಯಿಲ್‌ಗಳು ಗಸಿ ತಡೆಯುವ ಪರೀಕ್ಷೆಯಲ್ಲಿ ಗೆದ್ದೇ ಮಾರುಕಟ್ಟೆಗೆ ಬರುತ್ತವೆ. ಸೀಕ್ವೆನ್ಸ್ ವಿಎಚ್ ಎಂಬ ಆ ಪರೀಕ್ಷೆಯಲ್ಲಿ ಪೆಟ್ರೋಲ್ ಎಂಜಿನ್ನನ್ನು ಗಸಿ ಹುಟ್ಟಲು ಅನುಕೂಲವಾಗುವ ಸ್ಥಿತಿಗಳಲ್ಲಿ 216 ಗಂಟೆ ಓಡಿಸಿ, ಬಿಚ್ಚಿ, ಒಂದೊಂದು ಭಾಗಕ್ಕೂ ಅಂಕ ಕೊಡುತ್ತಾರೆ. ಇಂಥ ಆಯಿಲ್ ಹಳೆಯ ಗಸಿಯನ್ನು ಪದರ ಪದರವಾಗಿ ಬಿಡಿಸುತ್ತಾ ಬರುತ್ತದೆ, ಹಕ್ಕಳೆಯನ್ನು ಒಮ್ಮೆಲೇ ಕೆಡವುವುದಿಲ್ಲ. ಬಿಡಿಸಿದ್ದು ಫಿಲ್ಟರಿಗೆ ಹೊರೆಯಾಗುವ ಮೊದಲೇ ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ಕೂತದ್ದು ಹೋಗಲು ಕೆಲವು ತಿಂಗಳು ಹಿಡಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲ.

ಡಬ್ಬಿ ಏಕೆ, ಒಂದು ಲೀಟರ್ ಡೀಸೆಲ್ಲೋ ಸೀಮೆಎಣ್ಣೆಯೋ ಸುರಿದರೆ ಸಾಕು ಎಂಬ ಹಳೆಯ ಸಲಹೆ ಈಗಲೂ ಕೇಳಿಬರುತ್ತದೆ. ದಯವಿಟ್ಟು ಮಾಡಬೇಡಿ. ಸೀಮೆಎಣ್ಣೆಯ ಆವಿ 38 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಡಿಮೆ ಉಷ್ಣತೆಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಎಂಜಿನ್ ಆಯಿಲಿಗೆ ಆ ಮಿತಿ ಸಾಮಾನ್ಯವಾಗಿ 200 ಡಿಗ್ರಿಯ ಆಚೆಗಿದೆ. ಬಿಸಿಯಾದ ಪ್ಯಾನಿನೊಳಗೆ ಅದನ್ನು ತುಂಬುವುದರ ಅರ್ಥವೇನೆಂದು ಯೋಚಿಸಿ. ಬೇರಿಂಗನ್ನು ಕಾಯುವ ರಾಸಾಯನಿಕವೂ ಅದರಲ್ಲಿಲ್ಲ, ಕೊಳೆಯನ್ನು ತೇಲಿಸುವ ಡಿಸ್ಪರ್ಸೆಂಟೂ ಇಲ್ಲ.

ಫ್ಲಶ್‌ನ ಕೈಗೆ ಎಟುಕದ ಕೊಳೆಯೂ ಇದೆ ಎಂಬುದನ್ನು ಮರೆಯಬಾರದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವುಗಳ ಬೆನ್ನಿಗೆ ಕಟ್ಟುವ ಕಾರ್ಬನ್ನನ್ನು ಪ್ಯಾನಿನಲ್ಲಿರುವ ಆಯಿಲ್ ತೊಳೆಯಲಾರದು. ಇಂಜೆಕ್ಟರ್ ಶುಚಿ ಮಾಡುವ ಡಬ್ಬಿ ಬೇರೆ, ಅದು ಪೆಟ್ರೋಲ್ ಟ್ಯಾಂಕಿಗೆ ಹೋಗುವಂಥದು. ಹೆಸರಿನಲ್ಲಿ ಹೋಲಿಕೆ ಇರುವುದರಿಂದ ಒಂದಕ್ಕೆ ಬದಲು ಇನ್ನೊಂದನ್ನು ಸುರಿದವರಿದ್ದಾರೆ.

ಯಾವ ದಾರಿ ಹಿಡಿದರೂ ಬಿಚ್ಚಿದ ಹಳೆಯ ಫಿಲ್ಟರನ್ನು ಎಸೆಯಬೇಡಿ. ಡಬ್ಬ ಕೊಯ್ಯುವ ಸಲಕರಣೆಯಿಂದ ಸುತ್ತ ಕೊಯ್ದು, ಒಳಗಿನ ಕಾಗದವನ್ನು ಹೊರತೆಗೆದು, ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಬರಿಯ ಕಪ್ಪು ಆಯಿಲ್ ಸೋರುತ್ತಿದ್ದು ಮಡಿಕೆಗಳು ನಯವಾಗಿದ್ದರೆ ಮುಂದಿನ ಸಲ ಕಂಪನಿ ಹೇಳಿದ ಅವಧಿಗೆ ಹೋಗಬಹುದು. ಮಡಿಕೆಗಳ ನಡುವೆ ಕರಿಯ ತರಿ ಸಿಕ್ಕಿದ್ದರೆ ಗಸಿ ಇನ್ನೂ ಬರುತ್ತಿದೆ, ಮತ್ತೆ 1500 ಕಿಲೋಮೀಟರಿಗೇ ಬದಲಿಸಿ. ಬೆಳಕಿಗೆ ಲೋಹದ ಚೂರುಗಳು ಮಿನುಗಿದರೆ ಸಮಸ್ಯೆ ಕೊಳೆಯದ್ದಲ್ಲ, ಬೇರಿಂಗಿನಂಥ ಲೋಹದ ಭಾಗಗಳ ಸವೆತದ್ದು. ಆ ಕಾರನ್ನು ಇನ್ನು ಓಡಿಸದೆ ಎಂಜಿನ್ ಬಿಚ್ಚಬಲ್ಲ ಮೆಕ್ಯಾನಿಕ್ ಬಳಿಗೆ ಒಯ್ಯಬೇಕು.